ಹಳೆಯ ಟೂ-ಸ್ಟ್ರೋಕ್ ಲಾನ್ ಮೂವರ್: ಸ್ಟಾರ್ಟ್ ಆಗುತ್ತದೆ, ಹುಲ್ಲಿಗೆ ಇಳಿಸಿದರೆ ದಮ್ಮು ಇಲ್ಲ

ಹಸಿರಂಗಳ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಬಳಸುತ್ತಿದ್ದ ಟೂ-ಸ್ಟ್ರೋಕ್ ಹುಲ್ಲು ಕತ್ತರಿಸುವ ಮಿಷನ್ ಈಗ ನನ್ನ ಹತ್ತಿರ ಇದೆ. ಕೈಯಲ್ಲಿ ತಳ್ಳುವಂಥದ್ದು. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ಎಂಜಿನ್ನಿನ ಶಾಫ್ಟ್ ನೇರ ಕೆಳಗಿಳಿದು ಅದರ ತುದಿಗೇ ಬ್ಲೇಡ್ ಕೂತಿದೆ. ದೊಡ್ಡಪ್ಪ ಇದನ್ನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದರು. ನನ್ನ ಕೈಗೆ ಬಂದ ಮೇಲೆ ಕೆಡಬಾರದು ಅನ್ನುವ ಆಸೆ ನನಗೆ.

ಸಮಸ್ಯೆ ಹೀಗಿದೆ. ಎರಡು ಮೂರು ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಖಾಲಿ ಓಡುವಾಗ ಶಬ್ದ ಪರವಾಗಿಲ್ಲ. ಆದರೆ ಹುಲ್ಲಿಗೆ ಇಳಿಸಿದ ಕೂಡಲೇ ಕುಗ್ಗುತ್ತದೆ. ಮೊದಲು ಮೊಣಕಾಲುದ್ದದ ಹುಲ್ಲನ್ನೂ ಕತ್ತರಿಸುತ್ತಿತ್ತು. ಈಗ ಪಾದ ಮುಳುಗುವಷ್ಟು ಹುಲ್ಲಿಗೂ ಅರ್ಧ ಅಗಲ ಮಾತ್ರ ತಗೊಂಡು ಹೋಗಬೇಕು. ಇದು ಒಂದೇ ದಿನ ಆದದ್ದಲ್ಲ, ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಇಳಿದದ್ದು. ಹೊಗೆಯೂ ಜಾಸ್ತಿಯಾಗಿದೆ.

ಮಾಡಿರುವುದು: ಹೊಸ ಸ್ಪಾರ್ಕ್ ಪ್ಲಗ್ ಹಾಕಿದೆ, ಏರ್ ಫಿಲ್ಟರ್ ಸ್ಪಾಂಜು ತೊಳೆದೆ, ಬ್ಲೇಡ್ ಸಾಣೆ ಹಿಡಿಸಿದೆ. ಕಳೆದ ವರ್ಷ ಕಾರ್ಬ್ಯುರೇಟರಿನಲ್ಲಿ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಮೇನ್ ಸ್ಕ್ರೂ ಒಂದು ಸುತ್ತು ಬಿಚ್ಚಿದ್ದೆ, ಆಗ ಒಳ್ಳೆ ಪಿಕಪ್ ಬಂತು. ಹಳೆ ಎಂಜಿನ್ ಅಲ್ವಾ ಎಂದು ಪೆಟ್ರೋಲಿಗೆ ಬೆರೆಸುವ ಆಯಿಲನ್ನೂ ಸ್ವಲ್ಪ ಜಾಸ್ತಿಯೇ ಹಾಕುತ್ತಿದ್ದೇನೆ. ಇನ್ನೊಂದು ಸಣ್ಣ ವಿಷಯ, ವೇಗದ ಲಿವರ್ ಇಳಿಸಿದರೂ ಎಂಜಿನ್ ವೇಗ ತಕ್ಷಣ ಇಳಿಯುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ.

ಎಲ್ಲಿಂದ ಶುರು ಮಾಡಲಿ?

ಮೈದಾನದ ಮಾಲಿ

ಮೊದಲು ಒಂದು ಮಾತು. ಕೆಳಗೆ ಕೈ ಹಾಕುವ ಮುಂಚೆ ಪ್ಲಗ್ಗಿನ ವೈರ್ ಕಿತ್ತು ದೂರ ಕಟ್ಟಿಡಿ. ಬಿಸಿ ಎಂಜಿನ್ನಿನಲ್ಲಿ ಬ್ಲೇಡ್ ಸ್ವಲ್ಪ ತಿರುಗಿಸಿದರೂ ಒಂದು ಕಿಡಿ ಹಾರಿ ಒಮ್ಮೆ ಹೊಡೆಯಬಹುದು. ಬೆರಳು ಹೋದವರನ್ನು ನಾನು ನೋಡಿದ್ದೇನೆ.

ಇನ್ನು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಅದರಲ್ಲಿ ಗಾಳಿಗೆ ಸಣ್ಣ ತೂತು ಇರುತ್ತದೆ. ಹುಲ್ಲಿನ ಧೂಳು ಕೂತು ಮುಚ್ಚಿಕೊಂಡರೆ ಟ್ಯಾಂಕಿನಿಂದ ಪೆಟ್ರೋಲ್ ಇಳಿಯುವುದಿಲ್ಲ. ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡಿ. ಹಾಗೇ ಎಂಜಿನ್ ಮೇಲಿನ ಕವರ್ ಬಿಚ್ಚಿ ಸಿಲಿಂಡರಿನ ರೆಕ್ಕೆಗಳ ಮಧ್ಯೆ ಹುಲ್ಲು ತುಂಬಿದೆಯಾ ನೋಡಿ. ನಾನು ದಿನಾ ಮೈದಾನದಲ್ಲಿ ಮಿಷನ್ ತಳ್ಳುವವನು. ಬಿಸಿಯಾದ ಮೇಲೆ ಸುಸ್ತಾಗುವ ಮಿಷನ್ನುಗಳಲ್ಲಿ ಅರ್ಧಕ್ಕರ್ಧ ಈ ಎರಡರಲ್ಲೇ ಸರಿಹೋಗಿವೆ.

ಗಾಳಿಪಟ

ನನ್ನ ಪ್ರಕಾರ ಕಾರ್ಬ್ಯುರೇಟರ್. ಬಿಚ್ಚಿ ಕ್ಲೀನರ್ ಹೊಡೆದು, ಪೆಟ್ರೋಲ್ ಬರುವ ಸಣ್ಣ ತೂತು, ಅದೇ ಜೆಟ್, ಊದಿ. ಮುಗೀತು.

ಹಳೇ ಸ್ಪ್ಯಾನರ್

ಗಾಳಿಪಟ ಅವರೇ, ಇರಬಹುದು, ಆದರೆ ಬಿಚ್ಚುವ ಮೊದಲು ಕೇಳಿ ತಿಳಿಯೋಣ. ಕಾರ್ಬ್ಯುರೇಟರ್ ಬಿಚ್ಚಿದರೆ ಗಾಳಿ ಸೋರದಂತೆ ಮಧ್ಯೆ ಇಟ್ಟಿರುವ ಹಳೆಯ ಗ್ಯಾಸ್ಕೆಟ್ ಹರಿದುಹೋಗುತ್ತದೆ. ಆಮೇಲೆ ಹಳೆ ಕಾಯಿಲೆ ಯಾವುದು, ನಾವು ತಂದಿಟ್ಟದ್ದು ಯಾವುದು ಗೊತ್ತಾಗುವುದಿಲ್ಲ.

ಹಸಿರಂಗಳ ಅವರೇ, ನಾಲ್ಕು ಪ್ರಶ್ನೆ. ಬ್ಲೇಡ್ ಯಾವತ್ತಾದರೂ ಕಲ್ಲಿಗೋ ಬೇರಿಗೋ ಜೋರಾಗಿ ಹೊಡೆದಿತ್ತಾ? ಹೊಡೆದಿದ್ದರೆ ಫ್ಲೈವೀಲನ್ನು (ಶಾಫ್ಟಿನ ಮೇಲ್ತುದಿಯ ಭಾರದ ಚಕ್ರ) ಶಾಫ್ಟಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು, ಅಂದರೆ ಕೀ, ಅರ್ಧ ಕತ್ತರಿಸಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿದಿರಬಹುದು. ಆದರೆ ಆಗ ಶಕ್ತಿ ಒಮ್ಮೆಲೇ ಹೋಗುತ್ತದೆ, ನಿಮ್ಮ ಹಾಗೆ ಎರಡು ವರ್ಷ ತಗೊಳ್ಳುವುದಿಲ್ಲ. ತಣ್ಣಗಿರುವಾಗಲೂ ಸುಸ್ತು ಇದೆಯಾ, ಬಿಸಿಯಾದ ಮೇಲೆ ಮಾತ್ರವಾ? ಬಿಸಿಯಾದ ಮೇಲೆ ಮಾತ್ರ ಅಂದರೆ ಕಿಡಿ ಹುಟ್ಟಿಸುವ ಕಾಯಿಲ್ ಮೇಲೂ ಅನುಮಾನ ಬರುತ್ತದೆ. ಪ್ಲಗ್ಗಿನ ತುದಿ ಯಾವ ಬಣ್ಣ? ಕೊನೆಯದು, ಲೀಟರಿಗೆ ಎಷ್ಟು ಆಯಿಲ್ ಹಾಕುತ್ತೀರಿ, ಮಿಷನ್ ಮೇಲೆ ಎಷ್ಟು ಎಂದು ಬರೆದಿದೆ?

ಜೊತೆಗೆ ಒಂದು ಪರೀಕ್ಷೆ. ಹುಲ್ಲಿನಲ್ಲಿ ಕುಗ್ಗುತ್ತಿರುವಾಗಲೇ, ಗಾಳಿ ಕಡಿಮೆ ಮಾಡುವ ಚೋಕನ್ನು ಒಂದು ಕ್ಷಣ ಕಾಲು ಭಾಗ ಎಳೆದು ಬಿಡಿ. ಎಂಜಿನ್ ಚೇತರಿಸಿಕೊಂಡರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಇನ್ನೂ ಕುಗ್ಗಿದರೆ ಪೆಟ್ರೋಲ್ ಬೇಕಾದಷ್ಟಿದೆ, ಉಸಿರಾಡಲು ಆಗುತ್ತಿಲ್ಲ.

ಹಸಿರಂಗಳ

ಎಲ್ಲ ನೋಡಿ ಬಂದೆ. ಕಲ್ಲಿಗೆ ಹೊಡೆದಿಲ್ಲ. ತಣ್ಣಗಿರುವಾಗಲೂ ಸುಸ್ತು, ಬಿಸಿಯಾದರೂ ಅಷ್ಟೇ. ಮುಚ್ಚಳ ಸಡಿಲ ಮಾಡಿದೆ, ವ್ಯತ್ಯಾಸ ಇಲ್ಲ. ರೆಕ್ಕೆಗಳ ಮಧ್ಯೆ ಒಂದು ಹಿಡಿ ಒಣಹುಲ್ಲು ಸಿಕ್ಕಿತು, ತೆಗೆದೆ. ಚೋಕ್ ಎಳೆದರೆ ಗುಳುಗುಳು ಎಂದು ನಿಂತೇ ಹೋಯಿತು.

ಪ್ಲಗ್ ಕಪ್ಪು, ಒದ್ದೆ. ಬೆರಳಿಗೆ ಜಿಡ್ಡು ಹತ್ತಿತು.

ಟ್ಯಾಂಕಿನ ಪಕ್ಕದ ಸ್ಟಿಕ್ಕರಿನಲ್ಲಿ 25:1 ಎಂದಿದೆ. ನಾನು ಲೀಟರಿಗೆ 60 ಎಂ.ಎಲ್. ಹಾಕುತ್ತಿದ್ದೆ.

ಪುಟ್ಟ ಎಂಜಿನ್

25:1 ಅಂದರೆ ಲೀಟರಿಗೆ 40 ಎಂ.ಎಲ್. ನೀವು ಹಾಕುತ್ತಿರುವುದು ಹೆಚ್ಚುಕಡಿಮೆ 17:1. ಇದನ್ನು ಮೊದಲು ನಿಲ್ಲಿಸಿ.

ಹಳೆ ಎಂಜಿನ್ನಿಗೆ ಆಯಿಲ್ ಜಾಸ್ತಿ ಇದ್ದರೆ ಒಳ್ಳೆಯದು ಎಂದು ತುಂಬಾ ಜನ ನಂಬಿದ್ದಾರೆ. ನಾನೂ ಚಿಕ್ಕವಳಿದ್ದಾಗ ಹಾಗೇ ಕೇಳಿದ್ದೆ. ಆದರೆ ಜೆಟ್ಟಿನ ತೂತು ಅಷ್ಟೇ ದೊಡ್ಡದು ಅಲ್ವಾ. ಅದರಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ. ಉರಿಯದೆ ಉಳಿದ ಆಯಿಲ್ ಕರಿಯಾಗಿ ಕೂರುತ್ತದೆ. ಎಲ್ಲಿ ಕೂರುತ್ತದೆ? ಹೊಗೆ ಹೋಗುವ ದಾರಿಯಲ್ಲಿ. ಟೂ-ಸ್ಟ್ರೋಕಿನಲ್ಲಿ ಹೊಗೆ ಹೋಗಲು ವಾಲ್ವ್ ಇಲ್ಲ, ಸಿಲಿಂಡರಿನ ಗೋಡೆಯಲ್ಲಿ ಒಂದು ಕಿಂಡಿ ಇದೆ ಅಷ್ಟೇ. ಪಿಸ್ಟನ್ ಕೆಳಗಿಳಿದಾಗ ಅದು ತೆರೆಯುತ್ತದೆ. ಆ ಕಿಂಡಿ ಕಿರಿದಾದರೆ ಹಳೆಯ ಹೊಗೆ ಪೂರ್ತಿ ಹೊರಗೆ ಹೋಗುವುದಿಲ್ಲ. ಅದು ಹೋಗದೆ ಹೊಸ ಮಿಶ್ರಣಕ್ಕೆ ಒಳಗೆ ಜಾಗವೂ ಸಿಗುವುದಿಲ್ಲ.

ನಿಮ್ಮದು ನಿಧಾನಕ್ಕೆ ಇಳಿದ ಶಕ್ತಿ, ಕಪ್ಪು ಪ್ಲಗ್, ಚೋಕ್ ಎಳೆದರೆ ಇನ್ನೂ ಕುಗ್ಗುವುದು. ಸೈಲೆನ್ಸರ್ ಬಿಚ್ಚಿ ನೋಡಿ. ನನಗೆ ನೂರಕ್ಕೆ ತೊಂಬತ್ತು ಅಲ್ಲೇ ಅನುಮಾನ.

ಹೊಸಗಾಲಿ

ಅಕ್ಕ, ಆಯಿಲ್ ಯಾವುದು ಹಾಕಬೇಕು? ದೋಣಿಯ ಎಂಜಿನ್ನಿನ ಟೂ-ಸ್ಟ್ರೋಕ್ ಆಯಿಲ್ ನನ್ನ ಹತ್ತಿರ ಇದೆ. ಅದೇ ನಡೆಯುತ್ತಾ?

ಪುಟ್ಟ ಎಂಜಿನ್

ಬೇಡ. ದೋಣಿಯ ಎಂಜಿನ್ ನೀರಿನಿಂದ ತಣ್ಣಗಾಗುತ್ತದೆ, ಅದಕ್ಕಾಗಿ ಮಾಡಿದ ಟಿಸಿ-ಡಬ್ಲ್ಯೂ3 ಆಯಿಲ್ ಬೇರೆ. ನಮ್ಮದು ಗಾಳಿಯಲ್ಲಿ ತಣ್ಣಗಾಗುವ ಎಂಜಿನ್, ತುಂಬಾ ಹೆಚ್ಚು ಬಿಸಿಯಾಗುತ್ತದೆ. ಡಬ್ಬಿಯ ಮೇಲೆ ಜೆಎಎಸ್ಒ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದಿರುವುದನ್ನು ತಗೊಳ್ಳಿ. ಎಫ್‌ಡಿ ಆದರೆ ಒಳಗಡೆ ಇನ್ನೂ ಚೊಕ್ಕವಾಗಿ ಇಡುತ್ತದೆ. ಮತ್ತೆ ಅಳತೆ ಗ್ಲಾಸಿನಲ್ಲಿ ಅಳೆದು ಹಾಕಿ. ಕಣ್ಣಂದಾಜು ಎಂದೂ ಜಾಸ್ತಿ ಕಡೆಗೇ ವಾಲುತ್ತದೆ.

ಹಳೇ ಸ್ಪ್ಯಾನರ್

ಪುಟ್ಟ ಎಂಜಿನ್ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಸೈಲೆನ್ಸರ್ ಬಿಚ್ಚುವ ರೀತಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಕೈ ತಪ್ಪಿದರೆ ಪಿಸ್ಟನ್ನಿಗೇ ಪೆಟ್ಟು.

ಪೆಟ್ರೋಲ್ ಬರುವ ನಲ್ಲಿಯನ್ನು ಮುಚ್ಚಿ. ವೈರ್ ಕಿತ್ತು, ಪ್ಲಗ್ ಕೂಡ ಬಿಚ್ಚಿ. ಸೈಲೆನ್ಸರಿನ ಬೋಲ್ಟುಗಳು ಬೆಂದು ಕಚ್ಚಿಕೊಂಡಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಅವಸರ ಮಾಡಿದರೆ ಬೋಲ್ಟ್ ಮುರಿದು ಅಲ್ಯೂಮಿನಿಯಂ ಒಳಗೇ ಉಳಿಯುತ್ತದೆ.

ಸೈಲೆನ್ಸರ್ ಹೊರಗೆ ಬಂದ ಮೇಲೆ ಕಿಂಡಿ ಕಾಣುತ್ತದೆ. ಹಗ್ಗವನ್ನು ಮೆಲ್ಲಗೆ ಎಳೆದು ಪಿಸ್ಟನ್ ಮೇಲೆ ತನ್ನಿ. ಪಿಸ್ಟನ್ನಿನ ಪಕ್ಕದ ಗೋಡೆಯೇ ಕಿಂಡಿಗೆ ಬಾಗಿಲಿನ ಹಾಗೆ ಅಡ್ಡ ನಿಲ್ಲಬೇಕು. ಆಗ ಕೆರೆದ ಕರಿ ಸಿಲಿಂಡರಿನ ಒಳಗೆ ಬೀಳುವುದಿಲ್ಲ. ಕೆರೆಯಲು ಮರದ ಕಡ್ಡಿಯನ್ನು ಉಳಿಯ ಹಾಗೆ ಚೂಪು ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ಖಂಡಿತ ಬೇಡ. ಪಿಸ್ಟನ್ ಮೇಲೆ ಒಂದು ಗೀರು ಬಿದ್ದರೂ ಅದು ಸಿಲಿಂಡರಿನಲ್ಲಿ ಉಜ್ಜುತ್ತಲೇ ಇರುತ್ತದೆ.

ಕೆರೆಯುವ ಮೊದಲು ಟಾರ್ಚ್ ಹಿಡಿದು ಪಿಸ್ಟನ್ ಸುತ್ತ ಇರುವ ರಿಂಗ್ ನೋಡಿ. ಕಡ್ಡಿಯ ತುದಿಯಿಂದ ಮೆಲ್ಲಗೆ ಒತ್ತಿದರೆ ರಿಂಗ್ ಒಳಗೆ ಹೋಗಿ ವಾಪಸ್ ಬರಬೇಕು. ಬಾರದಿದ್ದರೆ ಕರಿಯಲ್ಲಿ ಕಚ್ಚಿಕೊಂಡಿದೆ ಎಂದರ್ಥ.

ಗಾಳಿಪಟ

ಸೈಲೆನ್ಸರ್ ಒಳಗಿನ ಕರಿಗೆ ಕಾಸ್ಟಿಕ್ ಸೋಡಾ ನೀರಲ್ಲಿ ಮುಳುಗಿಸಿಟ್ಟರೆ ಸಲೀಸಾಗಿ ಬಿಡುತ್ತದೆ. ನಾನು ಮಾಡಿದ್ದೇನೆ.

ಹಳೇ ಸ್ಪ್ಯಾನರ್

ಉಕ್ಕಿನ ಸೈಲೆನ್ಸರ್ ಆದರೆ ಸರಿ. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಅದನ್ನೇ ತಿಂದುಬಿಡುತ್ತದೆ. ಸಿಲಿಂಡರಿನ ಹತ್ತಿರವಂತೂ ತರಲೇಬಾರದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು.

ಹಸಿರಂಗಳ

ಮೂರು ದಿನ ಆಯಿತು, ಬಂದೆ.

ಸೈಲೆನ್ಸರ್ ಬಿಚ್ಚಿದಾಗ ನಿಜಕ್ಕೂ ಬೇಜಾರಾಯಿತು. ಕಿಂಡಿ ಇಷ್ಟು ದಿನ ಹೀಗೆ ಕಟ್ಟಿಕೊಂಡಿತ್ತಾ ಎಂದು. ಹೆಬ್ಬೆರಳಿನ ಅಗಲದ ಕಿಂಡಿಯಲ್ಲಿ ಪೆನ್ಸಿಲ್ ಹೋಗುವಷ್ಟು ಜಾಗ ಉಳಿದಿತ್ತು. ಸುತ್ತ ಕೂತ ಕರಿ ಸುಟ್ಟ ಮರದ ತೊಗಟೆಯ ಹಾಗೆ ಒರಟು. ಕಡ್ಡಿ ಇಟ್ಟು ಒತ್ತಿದರೆ ಮೊದಲು ಅಲ್ಲಾಡಲಿಲ್ಲ. ಒಂದು ಅಂಚು ಎದ್ದ ಮೇಲೆ ಚಕ್ಕೆ ಚಕ್ಕೆಯಾಗಿ ಬಂತು. ಒಂದು ಚಕ್ಕೆ ಅಳೆದೆ, 3 ಮಿ.ಮೀ. ದಪ್ಪ. ಅದರ ಒಳಮೈ ನುಣುಪಾಗಿ ಮಿರಮಿರ ಎನ್ನುತ್ತಿತ್ತು, ಕಿಂಡಿಯ ಅಚ್ಚು ತೆಗೆದ ಹಾಗೆ. ಅಂಗೈ ತುಂಬ ಕರಿ ಸಿಕ್ಕಿತು. ಸೈಲೆನ್ಸರ್ ಒಳಗೂ ಅದೇ ಕಥೆ.

ರಿಂಗ್ ಒತ್ತಿದರೆ ಹೋಗಿ ಬರುತ್ತದೆ. ಪಿಸ್ಟನ್ ಮೇಲೆ ಆಳವಾದ ಗೀರು ಇಲ್ಲ. ಸ್ನೇಹಿತರ ಹತ್ತಿರ ಕಂಪ್ರೆಷನ್ (ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) ಅಳೆಯುವ ಗೇಜ್ ಇತ್ತು. ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ನಿಲ್ಲುವವರೆಗೆ ಹಗ್ಗ ಎಳೆದೆ. ಕಂಪ್ರೆಷನ್ 105 ಪಿಎಸ್ಐ ತೋರಿಸಿತು.

ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತಂದೆ, ಅಂದರೆ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿದೆ. ಹೊಸ ಪೆಟ್ರೋಲ್, ಅಳತೆ ಮಾಡಿ 40 ಎಂ.ಎಲ್. ಆಯಿಲ್. ಮೊದಲ ಎಳೆತಕ್ಕೇ ಹಿಡಿಯಿತು! ಶಬ್ದವೇ ಬೇರೆ. ದೊಡ್ಡಪ್ಪ ಓಡಿಸುವಾಗ ಕೇಳುತ್ತಿದ್ದ ಆ ಗಟ್ಟಿ ಶಬ್ದ. ಪೂರ್ತಿ ಅಗಲಕ್ಕೆ ಹುಲ್ಲು ಹೊಡೆದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೈದಾನದ ಮಾಲಿ

ಬಹಳ ಸಂತೋಷ. ಇನ್ನು ವರ್ಷಕ್ಕೊಮ್ಮೆ ಸೈಲೆನ್ಸರ್ ಬಿಚ್ಚಿ ನೋಡಿ.

ಹಸಿರಂಗಳ

ಅವಸರಪಟ್ಟು ಖುಷಿಪಟ್ಟೆ ಅನಿಸುತ್ತದೆ. ಇವತ್ತು ಎರಡನೇ ಸಲ ಓಡಿಸಿದೆ. ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಖಾಲಿ ನಿಂತಾಗ ತಾನೇ ತಾನಾಗಿ ರೇಸ್ ಆಗುವುದು, ಇಳಿಯುವುದು, ಮತ್ತೆ ರೇಸ್ ಆಗುವುದು. ಲಿವರ್ ಪೂರ್ತಿ ಇಳಿಸಿದರೂ ಕಿರುಚುತ್ತಲೇ ಇತ್ತು. ಹುಲ್ಲಿಗೆ ಇಳಿಸಿದರೆ ಶಕ್ತಿ ಇಲ್ಲ. ಇಪ್ಪತ್ತು ನಿಮಿಷಕ್ಕೆ ನಿಂತಿತು. ಈ ಸಲ ಚೋಕ್ ಸ್ವಲ್ಪ ಎಳೆದರೆ ಚೇತರಿಸಿಕೊಳ್ಳುತ್ತಿತ್ತು. ಪ್ಲಗ್ ಬಿಚ್ಚಿದೆ, ಬಿಳಿಚಿಕೊಂಡಿದೆ.

ಸ್ಕ್ರೂ ಮತ್ತೆ ಒಂದು ಸುತ್ತು ಬಿಚ್ಚಲಾ?

ಹಳೇ ಸ್ಪ್ಯಾನರ್

ದಯವಿಟ್ಟು ಬೇಡ. ಮಿಷನ್ ಓಡಿಸುವುದನ್ನೇ ನಿಲ್ಲಿಸಿ. ಈ ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲ್ ಜೊತೆಗೆ ಬರುವ ಆಯಿಲೇ ಎಲ್ಲ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿಯೂ ಜಾಸ್ತಿ. ಹೀಗೇ ಇನ್ನೊಂದು ಅರ್ಧ ಗಂಟೆ ಓಡಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು.

ನಾನು ನಿಮ್ಮ ಮೊದಲ ಮಾತುಗಳನ್ನು ಮತ್ತೆ ಓದಿದೆ. ‘ಲಿವರ್ ಇಳಿಸಿದರೂ ವೇಗ ತಕ್ಷಣ ಇಳಿಯುವುದಿಲ್ಲ’ ಎಂದು ನೀವು ಅವತ್ತೇ ಹೇಳಿದ್ದಿರಿ. ನಾನು ಅದನ್ನು ಗಮನಿಸದೆ ಬಿಟ್ಟೆ, ತಪ್ಪು ನನ್ನದು. ಅದು ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿರುವ ಗುರುತು.

ಈಗ ನನಗೆ ಕಥೆ ಹೀಗೆ ಕಾಣುತ್ತದೆ. ಎರಡು ವರ್ಷದ ಹಿಂದೆ ಎಲ್ಲೋ ಗಾಳಿ ಸೋರಲು ಶುರುವಾಗಿದೆ. ಮಿಶ್ರಣ ತೆಳುವಾಗಿ ಶಕ್ತಿ ಸ್ವಲ್ಪ ಇಳಿದಿದೆ. ನೀವು ಸ್ಕ್ರೂ ಬಿಚ್ಚಿದಿರಿ, ಪೆಟ್ರೋಲ್ ಜಾಸ್ತಿ ಹೋಗಿ ಪಿಕಪ್ ಬಂತು. ಜೊತೆಗೆ ಆಯಿಲ್ ಜಾಸ್ತಿ ಮಾಡಿದಿರಿ. ಆ ಆಯಿಲ್ ಕರಿಯಾಗಿ ಕಿಂಡಿ ಮುಚ್ಚಿತು. ಕಿಂಡಿ ಮುಚ್ಚಿದ ಮೇಲೆ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಹಾಗಾಗಿ ಸೋರಿಕೆ ಎದ್ದು ಕಾಣಲಿಲ್ಲ. ಈಗ ಕಿಂಡಿ ತೆರೆದಿದೆ, ಸ್ಕ್ರೂ ವಾಪಸ್ ಬಂದಿದೆ. ಸೋರಿಕೆ ಬಯಲಿಗೆ ಬಿತ್ತು.

ಹೊಸಗಾಲಿ

ಗಾಳಿ ಸೋರಿದರೆ ಇಷ್ಟೆಲ್ಲಾ ಆಗುತ್ತಾ? ನಾನು ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿನ ಭಾಗ ಸುಮ್ನೆ ಶಾಫ್ಟ್ ಹಿಡಿದುಕೊಳ್ಳುವ ಡಬ್ಬಿ ಎಂದುಕೊಂಡಿದ್ದೆ.

ಪುಟ್ಟ ಎಂಜಿನ್

ಫೋರ್-ಸ್ಟ್ರೋಕಿನಲ್ಲಿ ಹೆಚ್ಚುಕಡಿಮೆ ಹಾಗೇ. ಟೂ-ಸ್ಟ್ರೋಕಿನಲ್ಲಿ ಆ ಡಬ್ಬಿಯೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಜಾಗ ಹಿಗ್ಗಿ ಕಾರ್ಬ್ಯುರೇಟರಿನಿಂದ ಮಿಶ್ರಣ ಎಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದೇ ಮಿಶ್ರಣವನ್ನು ಒತ್ತಿ ಪಕ್ಕದ ದಾರಿಯಿಂದ ಮೇಲಕ್ಕೆ ಕಳಿಸುತ್ತದೆ. 1889ರ ಸುಮಾರಿಗೆ ಜೋಸೆಫ್ ಡೇ ಎಂಬ ಇಂಗ್ಲೆಂಡಿನ ಎಂಜಿನಿಯರ್ ಈ ಉಪಾಯ ಕಂಡುಹಿಡಿದ. ಇವತ್ತಿಗೂ ಗರಗಸದ ಮಿಷನ್, ಹುಲ್ಲಿನ ಮಿಷನ್ನುಗಳಲ್ಲಿ ಅದೇ ನಡೆಯುತ್ತಿದೆ. ಎಷ್ಟು ಸರಳ, ಎಷ್ಟು ಚೆಂದದ ಕೆಲಸ ನೋಡಿ. ನನಗೆ ಈ ಎಂಜಿನ್ನುಗಳ ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ಅರ್ಥ ಮಾಡಿಕೊಂಡ ದಿನ.

ಹಾಗಾಗಿ ಕೆಳಗಿನ ಡಬ್ಬಿ ಗಾಳಿಯಾಡದ ಹಾಗೆ ಇರಲೇಬೇಕು. ಸೋರುವ ಜಾಗ ಕೆಲವೇ ಇವೆ. ಶಾಫ್ಟ್ ಹೊರಗೆ ಬರುವ ಎರಡು ಕಡೆಯ ಆಯಿಲ್ ಸೀಲುಗಳು (ಶಾಫ್ಟಿನ ಸುತ್ತ ಬಿಗಿಯಾಗಿ ಕೂರುವ ರಬ್ಬರ್ ತುಟಿಯ ಉಂಗುರಗಳು), ಒಂದು ಫ್ಲೈವೀಲ್ ಕೆಳಗೆ, ಇನ್ನೊಂದು ಬ್ಲೇಡ್ ಮೇಲೆ. ಆಮೇಲೆ ಕಾರ್ಬ್ಯುರೇಟರ್ ಗ್ಯಾಸ್ಕೆಟ್, ಸಿಲಿಂಡರಿನ ಬುಡದ ಗ್ಯಾಸ್ಕೆಟ್. ಮಿಶ್ರಣ ವಾಪಸ್ ಹೋಗದಂತೆ ತಡೆಯುವ ರೀಡ್ ವಾಲ್ವ್ ಕೆಟ್ಟಿದ್ದರೆ ಬೇರೆ ಲಕ್ಷಣ. ಕಾರ್ಬ್ಯುರೇಟರ್ ಬಾಯಿಂದ ಪೆಟ್ರೋಲ್ ಹೊರಗೆ ಉಗುಳುತ್ತದೆ, ಏರ್ ಫಿಲ್ಟರ್ ಒದ್ದೆಯಾಗುತ್ತದೆ. ನಿಮ್ಮ ಫಿಲ್ಟರ್ ಒಣಗಿದೆ ತಾನೇ?

ಹಸಿರಂಗಳ

ಹೌದು ಮೇಡಂ, ಫಿಲ್ಟರ್ ಒಣಗಿದೆ.

ಗಾಳಿಪಟ

ಎಂಜಿನ್ ಓಡುವಾಗ ಕ್ಲೀನರ್ ಸ್ಪ್ರೇ ಹೊಡೆದರೆ ಸೋರುವ ಕಡೆ ಶಬ್ದ ಬದಲಾಗುತ್ತದೆ. ಸುಲಭ.

ಮೈದಾನದ ಮಾಲಿ

ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಬೆಂಕಿ ಹತ್ತುವ ಸ್ಪ್ರೇ, ಅದೂ ಬ್ಲೇಡ್ ತಿರುಗುತ್ತಿರುವಾಗ ಬಗ್ಗಿ ಹೊಡೆಯುವುದು. ನಾನು ಒಪ್ಪುವುದಿಲ್ಲ. ಎಂಜಿನ್ ನಿಲ್ಲಿಸಿಯೇ ಪರೀಕ್ಷೆ ಮಾಡಲು ಆಗುತ್ತದೆ ಅಲ್ವಾ ಸ್ಪ್ಯಾನರ್ ಸರ್?

ಹಳೇ ಸ್ಪ್ಯಾನರ್

ಆಗುತ್ತದೆ. ಸೋಪಿನ ನೀರೇ ಸಾಕು.

ಮಿಷನ್ ತಣ್ಣಗಿರಲಿ, ಟ್ಯಾಂಕ್ ಖಾಲಿ ಇರಲಿ. ಸೈಲೆನ್ಸರ್ ಜಾಗಕ್ಕೂ ಕಾರ್ಬ್ಯುರೇಟರ್ ಜಾಗಕ್ಕೂ ಸೈಕಲ್ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಮೇಲೆ ತಗಡು ಇಟ್ಟು ಬೋಲ್ಟ್ ಬಿಗಿಯಿರಿ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದರೆ ಥ್ರೆಡ್ ಇರುವ ಲೋಹದ ಕೊಳವೆ ಉಳಿಯುತ್ತದೆ. ಅದಕ್ಕೆ ಒಂದು ರಬ್ಬರ್ ಪೈಪ್ ಬಿಗಿಯಾಗಿ ಕೂರಿಸಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಪಕ್ಕದ ದಾರಿಗಳು ತೆರೆದು ಮೇಲೆ ಊದಿದ ಗಾಳಿ ಕೆಳಗಿನ ಡಬ್ಬಿಗೂ ಹೋಗುತ್ತದೆ.

ಗಾಳಿ ತುಂಬಲು ಕಂಪ್ರೆಸರ್ ಬೇಡ, ಅದರ ಒತ್ತಡಕ್ಕೆ ಒಳ್ಳೆ ಸೀಲೂ ಹಾರುತ್ತದೆ. ನಾನು ಬಳಸುವುದು ಹಳೆಯ ಬಿಪಿ ನೋಡುವ ಉಪಕರಣದ ಒತ್ತುವ ರಬ್ಬರ್ ಬಲ್ಬು ಮತ್ತು ಮುಳ್ಳಿನ ಗೇಜ್. 300ರ ಗುರುತಿನ ತನಕ ಒತ್ತಿದರೆ 0.4 ಬಾರ್ ಆಗುತ್ತದೆ, ಇದಕ್ಕೆ ಅಷ್ಟೇ ಬೇಕು. ಮುಳ್ಳು ಒಂದು ನಿಮಿಷ ಅಲ್ಲೇ ನಿಂತರೆ ಸರಿ. ಇಳಿದರೆ ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚುತ್ತಾ ಹೋಗಿ, ಗುಳ್ಳೆ ಏಳುವ ಕಡೆ ಸೋರುತ್ತಿದೆ. ಮೊದಲು ನೀವೇ ಕೂರಿಸಿದ ರಬ್ಬರುಗಳ ಸುತ್ತ ಹಚ್ಚಿ. ಸಾಮಾನ್ಯವಾಗಿ ಮೊದಲ ಗುಳ್ಳೆ ಅಲ್ಲೇ ಏಳುವುದು.

ಒಂದು ಎಚ್ಚರಿಕೆ. ಕೆಲವು ಹಳೆಯ ಸೀಲುಗಳು ಒಳಗಿನಿಂದ ಒತ್ತಿದಾಗ ಶಾಫ್ಟಿಗೆ ಅಂಟಿಕೊಂಡು ಪಾಸಾಗುತ್ತವೆ, ಒಳಗೆ ಎಳೆದಾಗ ಮಾತ್ರ ಸೋರುತ್ತವೆ. ಗುಳ್ಳೆ ಬಾರದಿದ್ದರೆ ಸೀಲ್ ಚೆನ್ನಾಗಿದೆ ಎಂದು ಆಗಲೇ ತೀರ್ಮಾನ ಮಾಡಬೇಡಿ, ಕೈಪಂಪಿನಿಂದ ಗಾಳಿ ಎಳೆದೂ ನೋಡಬೇಕು.

ಬ್ಲೇಡ್ ಬಿಚ್ಚಿಯೇ ಪರೀಕ್ಷೆ ಮಾಡಿ. ವಾಲಿಸುವಾಗ ಕಾರ್ಬ್ಯುರೇಟರ್ ಕಡೆ ಮೇಲಿರಲಿ.

ಹಸಿರಂಗಳ

ಪರೀಕ್ಷೆಯ ತನಕ ಹೋಗುವ ಮೊದಲೇ ಒಂದು ಕಂಡಿತು. ಬ್ಲೇಡ್ ಬಿಚ್ಚಿದಾಗ ಅದರ ಮೇಲಿನ ಬೋಗುಣಿಯಂಥ ತುಂಡಿನ ಹಿಂದೆ, ಶಾಫ್ಟಿನ ಸುತ್ತ, ಏನೋ ಕಪ್ಪು ಉಂಗುರ. ಮೊದಲು ಅದೇ ಸೀಲ್ ಎಂದುಕೊಂಡೆ. ಉಗುರಿನಿಂದ ಕೆರೆದರೆ ಎಳೆ ಎಳೆಯಾಗಿ ಎದ್ದಿತು. ಪ್ಲಾಸ್ಟಿಕ್ ದಾರ! ಹುಲ್ಲಿನಲ್ಲಿ ಬಿದ್ದಿದ್ದ ಯಾವುದೋ ಚೀಲದ ದಾರ ಇರಬೇಕು. ಸುತ್ತಿ ಸುತ್ತಿ, ಬಿಸಿಗೆ ಕರಗಿ, ಮತ್ತೆ ಗಟ್ಟಿಯಾಗಿ ಬಳೆಯ ಹಾಗೆ ಆಗಿತ್ತು. ಚೂಪಾದ ಸಣ್ಣ ಬ್ಲೇಡಿನಿಂದ ಕೊಯ್ದು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅದರ ಕೆಳಗೆ ನಿಜವಾದ ಸೀಲ್ ಇತ್ತು. ಅದರ ತುಟಿ ಒಂದು ಕಡೆ ಸವೆದು ಹರಿದಿತ್ತು. ಸುತ್ತ ಹುಲ್ಲಿನ ಪುಡಿ ಆಯಿಲಿನಲ್ಲಿ ನೆನೆದು ಮೆತ್ತಿಕೊಂಡಿತ್ತು. ಬೇರೆ ಕಡೆಯ ಹುಲ್ಲೆಲ್ಲ ಒಣಗಿತ್ತು, ಅಲ್ಲಿ ಮಾತ್ರ ಒದ್ದೆ.

ಬಿಪಿ ಬಲ್ಬಿನಿಂದ ಒತ್ತಿದೆ. 300ಕ್ಕೆ ಹೋಗಲೇ ಇಲ್ಲ. ಸೋಪಿನ ನೀರು ಹಚ್ಚಿದರೆ ಕೆಳಗಿನ ಸೀಲಿನಲ್ಲಿ ಬುಳುಬುಳು ಎಂದು ಗುಳ್ಳೆ.

ಮೈದಾನದ ಮಾಲಿ

ದಾರ! ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮೈದಾನದಲ್ಲಿ ಗಾಳಿಪಟದ ದಾರ, ಚೀಲದ ದಾರ, ತಂತಿ, ಎಲ್ಲ ಶಾಫ್ಟಿಗೇ ಹೋಗಿ ಸುತ್ತುತ್ತದೆ. ಪ್ರತಿ ಸಲ ಬ್ಲೇಡ್ ಸಾಣೆಗೆ ಬಿಚ್ಚಿದಾಗ ಶಾಫ್ಟಿನ ಬುಡಕ್ಕೆ ಬೆರಳು ಹಾಕಿ ನೋಡಬೇಕು. ನಾನು ಉದ್ದ ಹುಲ್ಲು ಕತ್ತರಿಸಿದ ದಿನವೇ ನೋಡುತ್ತೇನೆ, ಒಣಹುಲ್ಲಿನ ನಾರೂ ಹಗ್ಗದ ಹಾಗೆ ಹೊಸೆದುಕೊಂಡಿರುತ್ತದೆ.

ಹಸಿರಂಗಳ

ಸೀಲ್ ತೆಗೆಯುವುದು ಹೇಗೆ? ಎಂಜಿನ್ ಪೂರ್ತಿ ಬಿಚ್ಚಬೇಕಾ? ಅಷ್ಟು ಧೈರ್ಯ ನನಗಿಲ್ಲ.

ಪುಟ್ಟ ಎಂಜಿನ್

ಬೇಕಾಗಿಲ್ಲ, ಹೊರಗಿನಿಂದಲೇ ತೆಗೆಯಬಹುದು. ಸೀಲಿನ ಮುಖದಲ್ಲಿ, ಶಾಫ್ಟಿಗೂ ಹೊರಅಂಚಿಗೂ ಮಧ್ಯೆ, ಸಣ್ಣ ಡ್ರಿಲ್ಲಿನಿಂದ ಒಂದು ತೂತು ಮಾಡಿ. ಸೀಲಿನ ತಗಡು ದಾಟುವಷ್ಟು ಮಾತ್ರ, ಹಿಂದೆಯೇ ಬೇರಿಂಗ್ ಇದೆ. ಡ್ರಿಲ್ಲಿನ ತುದಿಗೆ ಗ್ರೀಸ್ ಹಚ್ಚಿಕೊಂಡರೆ ಪುಡಿ ಒಳಗೆ ಬೀಳದೆ ಅದಕ್ಕೇ ಅಂಟುತ್ತದೆ. ತೂತಿಗೆ ಒಂದು ಸಣ್ಣ ಸ್ಕ್ರೂ ತಿರುಗಿಸಿ, ಅದರ ತಲೆ ಹಿಡಿದು ಇಕ್ಕಳದಿಂದ ಎಳೆಯಿರಿ. ಶಾಫ್ಟಿಗೆ ಮಾತ್ರ ಏನೂ ತಾಗಬಾರದು. ಅಲ್ಲಿ ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ.

ಸೀಲಿನ ಮೇಲೆ ಮೂರು ಅಳತೆ ಬರೆದಿರುತ್ತದೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಅದನ್ನು ಬರೆದುಕೊಂಡು ಹೋದರೆ ಬೇರಿಂಗ್ ಮಾರುವವರ ಹತ್ತಿರ ಸಿಗುತ್ತದೆ, ಮಿಷನ್ ಕಂಪನಿಯದೇ ಬೇಕೆಂದಿಲ್ಲ. ಪೆಟ್ರೋಲಿಗೂ ಬಿಸಿಗೂ ತಡೆಯುವ ರಬ್ಬರ್ ಎಂದು ಕೇಳಿ ತಗೊಳ್ಳಿ.

ಹಾಕುವಾಗ ಶಾಫ್ಟಿನ ಕೀ ಕೂರುವ ಕಚ್ಚಿನ ಮೇಲೆ ತೆಳು ಟೇಪ್ ಸುತ್ತಿ, ಇಲ್ಲದಿದ್ದರೆ ಆ ಅಂಚು ಹೊಸ ತುಟಿಯನ್ನು ಕೊಯ್ಯುತ್ತದೆ. ತುಟಿಗೆ ಆಯಿಲ್ ಸವರಿ. ಒಳಗಡೆ ಸಣ್ಣ ಸ್ಪ್ರಿಂಗ್ ಕಾಣುವ ಮುಖ ಎಂಜಿನ್ ಕಡೆಗಿರಬೇಕು. ಅದೇ ಅಳತೆಯ ಪೈಪ್ ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ.

ಹಳೇ ಸ್ಪ್ಯಾನರ್

ಹಳೆ ಸೀಲ್ ತೆಗೆದ ಮೇಲೆ ಶಾಫ್ಟನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕೈಗೆ ಆಟ ಸಿಕ್ಕಿದರೆ ಬೇರಿಂಗ್ ಸವೆದಿದೆ, ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಮತ್ತೆ ಎಲ್ಲ ಕೂರಿಸಿದ ಮೇಲೆ ಬಲ್ಬಿನ ಪರೀಕ್ಷೆ ಇನ್ನೊಮ್ಮೆ ಮಾಡಿ, ಆಮೇಲೆಯೇ ಸ್ಟಾರ್ಟ್ ಮಾಡಿ.

ಹಸಿರಂಗಳ

ಒಂದು ವಾರ ಆಯಿತು. ಶಾಫ್ಟ್ ಆಟ ಇರಲಿಲ್ಲ. ಸೀಲ್ ಎಳೆಯುವಾಗ ಮೊದಲ ಸ್ಕ್ರೂ ಜಾರಿತು. ಎದುರು ಬದಿಯಲ್ಲಿ ಇನ್ನೊಂದು ತೂತು ಮಾಡಿ ಎರಡು ಕಡೆಯಿಂದ ಸ್ವಲ್ಪ ಸ್ವಲ್ಪ ಎಳೆದಾಗ ಬಂತು. ಹೊಸದು ಕೂರಿಸಿ ಗಾಳಿ ಒತ್ತಿದೆ. ಮುಳ್ಳು 300ರಲ್ಲಿ ನಿಂತಿತು. ನಾನು ಗಡಿಯಾರ ನೋಡುತ್ತಾ ಕೂತೆ, ಎರಡು ನಿಮಿಷ ಆದರೂ ಅಲ್ಲಾಡಲಿಲ್ಲ. ಎಳೆದು ನೋಡುವ ಕೈಪಂಪೂ ಸಿಕ್ಕಿತು, ಅದರಲ್ಲೂ ನಿಂತಿತು.

ಸ್ಟಾರ್ಟ್ ಮಾಡಿದ ಮೇಲೆ ಮೊದಲು ನೋಡಿದ್ದು ಲಿವರ್. ಇಳಿಸಿದ ಕೂಡಲೇ ವೇಗ ಇಳಿಯಿತು, ಏರಿಸಿದ ಕೂಡಲೇ ಏರಿತು. ಸ್ಕ್ರೂ ಒಂದೂವರೆ ಸುತ್ತಿನಲ್ಲೇ ಇದೆ. ನಲವತ್ತು ನಿಮಿಷ ನಿಲ್ಲಿಸದೆ ಹುಲ್ಲು ಹೊಡೆದೆ, ಪೂರ್ತಿ ಅಗಲ. ಹಿಂಭಾಗದಲ್ಲಿ ಬೆಳೆದಿದ್ದ ಮೊಣಕಾಲುದ್ದದ ಹುಲ್ಲಿಗೂ ಇಳಿಸಿದೆ. ಶಬ್ದ ಸ್ವಲ್ಪ ಭಾರವಾಯಿತು, ಕುಗ್ಗಲಿಲ್ಲ.

ದೊಡ್ಡಪ್ಪ ಕುರ್ಚಿ ಹಾಕಿಕೊಂಡು ಕೂತು ಕೇಳುತ್ತಿದ್ದರು. ಏನೂ ಹೇಳಲಿಲ್ಲ. ನಿಲ್ಲಿಸಿದ ಮೇಲೆ ಎದ್ದು ಬಂದು ಸೈಲೆನ್ಸರ್ ಹತ್ತಿರ ಬಗ್ಗಿ ನೋಡಿ, ‘ಬೋಲ್ಟ್ ಬಿಸಿಯಲ್ಲಿ ಒಮ್ಮೆ ಬಿಗಿ ಮಾಡು, ಸಡಿಲ ಆಗುತ್ತೆ’ ಎಂದರು. ನೋಡಿದರೆ ಒಂದು ನಿಜವಾಗಿಯೂ ಕಾಲು ಸುತ್ತು ಬಂತು.

ಪುಟ್ಟ ಎಂಜಿನ್

ಓದಿ ಕಣ್ಣು ತುಂಬಿತು. ಪ್ಲಗ್ ಬಣ್ಣ ಹೇಳಿ?

ಹಸಿರಂಗಳ

ಈಗ ತಾನೇ ಬಿಚ್ಚಿದೆ ಮೇಡಂ. ಒಣ ಮಣ್ಣಿನ ಬಣ್ಣ. ಬೆರಳಿಗೆ ಏನೂ ಹತ್ತಲಿಲ್ಲ.